ಹುಣಸೆಮರದ ತನಕ

ಗೋಡೆಗೆ ಅಂಟಿಸಿದ್ದ ಕೆಂಪು ಹಾಳೆಯನ್ನು ಓದಬಲ್ಲವರು ತಿಗನಾರೆಯ ಕೆಳಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಊರು ತಮಿಳು ಸೀಮೆಗೆ ಸೇರಿದ್ದರಿಂದ ಇಸ್ಕೂಲಿಗೆ ಹೋಗುವ ಮಕ್ಕಳು ತಮಿಳು ಓದುತ್ತಿದ್ದವು, ದೊಡ್ಡವರಲ್ಲಿ ಅಕ್ಷರ ಕಂಡವರಿಗೆ ಅಷ್ಟಿಷ್ಟು ಕನ್ನಡ ಬರುತ್ತಿತ್ತು, ಹಾಳೆಯೋ ಪೂರ್ತಿ ಇಂಗ್ಲಿಷಿನಲ್ಲಿತ್ತು. ಆದರೂ ಅದರಲ್ಲಿ ಏನಿದೆ ಎನ್ನುವುದು ಬೀದಿಗೆಲ್ಲ ಬಾಯಿಪಾಠ. ಬೆಂಗಳೂರಿನಲ್ಲಿ ಹಾಫ್ ಮೂನ್ ಅಂತ ಒಂದು ಜಾಝ್ ಕ್ಲಬ್ಬು. ಆ ಕ್ಲಬ್ಬಿನಲ್ಲಿ ಮುಂದಿನ ಶನಿವಾರಗಳಂದು ಯಾರು ಯಾರು ಬಾರಿಸುತ್ತಾರೆ ಎನ್ನುವ ವಿವರ ಅದು. ಮೊದಲನೆಯ ಶನಿವಾರದ ಎದುರಿಗೂ ಕೊನೆಯ ಶನಿವಾರದ ಎದುರಿಗೂ ದಪ್ಪಗೆ ಅಚ್ಚಾಗಿರುವುದು ಮಾದೇಶನ ಹೆಸರು. ಕ್ಲಾರ್ನೆಟ್ ಮಾದೇಶ, ತಾಳವಾಡಿ ಬೆಟ್ಟದವನು.

ಚಾಪೆ ಹಿಡಿದಿದ್ದ ಅವನ ಅಪ್ಪ ನಂಜಯ್ಯ ಮಲಗಿದ ಕಡೆಯಿಂದಲೇ ಆ ಹಾಳೆಯನ್ನು ನೋಡುತ್ತಿದ್ದ. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ನಾಲಿಗೆ ಮಾತ್ರ ಹಾಗೇ ಇತ್ತು.

"ಎಲ್ಲಾ ಸರಿ ಕಣ್ಲಾ ಮಾದೇಸ, ನಿನ್ ಎಸ್ರು ಬೆಂಗ್ಳೂರ್ಗಂಟ ಓಯ್ತು. ನಂಗ ಯಾರ್ಲಾ ಊದೋರು?"

ಅಪ್ಪ ಈ ಮಾತನ್ನು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದ. ಮಾದೇಶ ಪ್ರತಿ ಸಲವೂ "ಅದ್ಕ ಯವಸ್ತ ಆಗದ, ಸುಮ್ನ ಮನಿಕ" ಎನ್ನುತ್ತಿದ್ದ.

ಕೇಳುವುದಕ್ಕೆ ಕಾರಣವಿತ್ತು. ಆ ಸುತ್ತಿನ ಊರುಗಳಲ್ಲಿ ಯಾರು ಸತ್ತರೂ, ಮೇಲ್ಬೀದಿಯವರಿರಲಿ ಕೆಳಬೀದಿಯವರಿರಲಿ, ಹೆಣದ ಮುಂದೆ ಕಳಿಸುವ ಸ್ವರ ಊದಿಕೊಂಡು ಹೋಗುವುದು ನಂಜಯ್ಯನ ಮನೆಯವರ ಕೆಲಸ. ಹಿಂದೆ ಓಲಗದಲ್ಲಿ ಊದುತ್ತಿದ್ದರು, ನಂಜಯ್ಯನ ಕಾಲಕ್ಕೆ ಕ್ಲಾರ್ನೆಟ್ ಬಂತು, ಸ್ವರ ಮಾತ್ರ ಅದೇ. ಸ್ವರದಲ್ಲಿ ಎರಡು ಭಾಗ. ಮನೆಬಾಗಿಲಿಂದ ಊರ ಹೊರಗಿನ ಹುಣಸೆಮರದವರೆಗೆ ಊದುವುದು ಊರೊಳಗಿನದು. ಸತ್ತವನು ಇನ್ನೂ ತಿರುತಿರುಗಿ ಮನೆ ನೋಡುತ್ತಿರುತ್ತಾನೆ, ಅವನ ಜೊತೆ ಅಳುವುದಕ್ಕೆ ಅದು. ಮರದ ಕೆಳಗೆ ಚಟ್ಟ ಇಳಿಸಿ, ತಲೆಯ ಕಡೆ ಕಾಲಿನ ಕಡೆ ಅದಲು ಬದಲು ಮಾಡಿ, ಹೆಂಗಸರನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸಿ ಮತ್ತೆ ಎತ್ತುತ್ತಾರೆ. ಅಲ್ಲಿಂದ ಹೂಳುವ ಗುಣಿಯವರೆಗೆ ಊದುವುದು ಊರಾಚೆಯದು. ಅದು ದಾರಿ ತೋರಿಸುವ ಸ್ವರ. ಸ್ವರ ನಿಂತರೆ ಹೊರುವವರು ನಿಲ್ಲಬೇಕು, ಸ್ವರ ಎದ್ದರೆ ಮಾತ್ರ ಏಳಬೇಕು.

ಇದಕ್ಕೆ ಕಟ್ಟುಪಾಡುಗಳಿದ್ದವು. ಹೆಣವಿಲ್ಲದೆ ಆ ಸ್ವರ ಊದುವಂತಿಲ್ಲ. ಮನೆಯಲ್ಲಿ ಕೂತು ಕಲಿಯುವಂತಿಲ್ಲ, ಊದುವವನ ಪಕ್ಕದಲ್ಲಿ ನಡೆದೇ ಕಲಿಯಬೇಕು. ಮಾದೇಶ ಕಲಿತದ್ದೂ ಹಾಗೆಯೇ, ಸುತ್ತಿನ ಸತ್ತವರ ಮುಂದೆ ಅಪ್ಪನ ಪಕ್ಕ ನಡೆದು ನಡೆದು. ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ತನ್ನ ಮನೆಯ ಹೆಣಕ್ಕೆ ತಾನು ಊದಬಾರದು. ಊದಿದವನು ವಾದ್ಯವನ್ನು ಅದೇ ಗುಣಿಗೆ ಹಾಕಿ, ಮತ್ತೆಂದೂ ತುಟಿಗೆ ಏನನ್ನೂ ಇಡದೆ ಬದುಕಬೇಕು. ಅದಕ್ಕೇ ಪಣಕಹಳ್ಳಿಯ ಒಂದು ಮನೆಯವರಿಗೂ ಇವರಿಗೂ ತಲೆತಲಾಂತರದಿಂದ ಕೊಡುಕೊಳೆ ಇತ್ತು: ನಿಮ್ಮ ಸಾವಿಗೆ ನಾವು, ನಮ್ಮ ಸಾವಿಗೆ ನೀವು.

ಪಣಕಹಳ್ಳಿಯ ಆ ಮನೆಯಲ್ಲಿ ಈಗ ಉಳಿದಿದ್ದವನು ಮುರುಗೇಶ. ಅವನು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗಿ ಬಟ್ಟೆ ಕತ್ತರಿಸುವ ಮೆಷಿನ್ನಿಗೆ ಬಲಗೈಯ ಬೆರಳುಗಳನ್ನು ಕೊಟ್ಟು ಬಂದಿದ್ದ. ನಂಜಯ್ಯನನ್ನು ನೋಡಲು ಬಂದಾಗ ಆ ಕೈಯನ್ನು ಲುಂಗಿಯ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡೇ ಕೂತಿದ್ದ. "ಮಾಮ, ನನ್ನಿಂದ ಆಗಲ್ಲ, ಸಮುಸ್ಬುಡು" ಎಂದು ಅತ್ತ. ನಂಜಯ್ಯ ಅವನಿಗೆ ಸಮಾಧಾನ ಹೇಳಿ ಕಳಿಸಿದ. ಅವನು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ.

ಊರವರನ್ನೆಲ್ಲ ಸ್ವರ ಕೊಟ್ಟು ಕಳಿಸಿದವನು ತಾನು ಮೂಕಹೆಣವಾಗಿ ಹೋಗಬೇಕೆ? ಇಷ್ಟೇ ನಂಜಯ್ಯನ ಭಯ. ಸಾವಿನ ಭಯ ಅವನಿಗೆ ಇರಲಿಲ್ಲ, ಅದನ್ನು ಅವನು ಬೇಕಾದಷ್ಟು ಹತ್ತಿರದಿಂದ ನೋಡಿದ್ದ.

ಈ ಸಂಕಟದ ನಡುವೆಯೇ ಸೋಮಶೇಖರ್ ಬಂದದ್ದು. ಗೆಟ್ಟವಾಡಿಯ ಜಡೇಸ್ವಾಮಿ ಎಂದರೆ ಆ ಕಡೆಯ ದೊಡ್ಡ ಜಮೀನಿನವರು, ಸೋಮಶೇಖರ್ ಅವರ ಮೊಮ್ಮಗ. ಬೆಂಗಳೂರಿನಲ್ಲಿ ಟ್ರಂಪೆಟ್ ಬಾರಿಸುವುದು, ಹಾಫ್ ಮೂನ್ ಕ್ಲಬ್ಬಿಗೆ ಬಾರಿಸುವವರನ್ನು ಗೊತ್ತು ಮಾಡುವುದು ಅವನ ಉದ್ಯೋಗ. ಮನೆಯವರು ಅದನ್ನು ಉದ್ಯೋಗ ಎಂದು ಒಪ್ಪಿರಲಿಲ್ಲ, ಆ ಮಾತು ಬೇರೆ. ಜಡೇಸ್ವಾಮಿಯವರು ಶಿವನ ಪಾದ ಸೇರಿದಾಗ ಅವರನ್ನು ಹೂವಿನ ವಿಮಾನದಲ್ಲಿ ಕೂರಿಸಿ ಹೊಲಕ್ಕೆ ಹೊತ್ತೊಯ್ದರು, ಮುಂದೆ ಮಾದೇಶ ಊದಿದ. ಮೊಮ್ಮಗ ತಾತನಿಗಾಗಿ ಅತ್ತನೋ ಸ್ವರಕ್ಕಾಗಿ ಅತ್ತನೋ, ಅಂತೂ ದಾರಿಯುದ್ದಕ್ಕೂ ಅತ್ತ. ಮಾರನೆಯ ದಿನವೇ ಕಾರು ತಿಗನಾರೆಗೆ ಬಂತು.

"ಅದನ್ನ ನೀನು ನಮ್ಮ ಕ್ಲಬ್ಬಿನಲ್ಲಿ ಊದಬೇಕು ಮಾದೇಶ."

"ಎಣ ಇಲ್ದೆ ಊದ ಸ್ವರ ಅಲ್ಲ ಬುದ್ಧಿ ಅದು."

ಸೋಮಶೇಖರ್ ಬಿಡುವ ಆಸಾಮಿಯಲ್ಲ. ಕಾರಿನ ಬಾಗಿಲಿಗೆ ಒರಗಿಕೊಂಡು ಅಮೆರಿಕದ ಕಥೆ ಹೇಳಿದ. ಅಲ್ಲಿಯೂ ಹೆಣದ ಮುಂದೆ ಬಾರಿಸಿಕೊಂಡು ನಡೆಯುವ ಬ್ಯಾಂಡಿನವರು ಇದ್ದಾರಂತೆ, ಕರಿಯರಂತೆ, ಹೋಗುವಾಗ ಅಳಿಸುತ್ತಾರಂತೆ, ಬರುವಾಗ ಕುಣಿಸುತ್ತಾರಂತೆ. ಜಾಝ್ ಎನ್ನುವುದು ಅಂಥ ಬೀದಿಗಳಿಂದಲೇ ಎದ್ದು ಬಂದದ್ದಂತೆ. ಮಾದೇಶ ಎಲ್ಲವನ್ನೂ ಮನಸ್ಸಿಟ್ಟು ಕೇಳಿ ಒಂದೇ ಪ್ರಶ್ನೆ ಹಾಕಿದ.

"ಅವ್ರ್ ಮನ ಎಣಕ್ಕ ಯಾರು ಊದರು ಬುದ್ಧಿ?"

ಮಾದೇಶನ ಹೆಂಡತಿ ಮಾಯಮ್ಮ ಚೊಂಬಿನಲ್ಲಿ ನೀರು ತಂದಿಟ್ಟಳು. ಸೋಮಶೇಖರ್ ನಕ್ಕು, ಚೊಂಬನ್ನು ಬೆರಳಲ್ಲಿ ಮುಟ್ಟಿ, ಕುಡಿಯದೆ ಕಾರು ಹತ್ತಿದ.

ಅವನು ಮೂರನೆಯ ಸಲ ಬಂದಾಗ ಮಾದೇಶನಿಗೆ ಆ ಯೋಚನೆ ಹೊಳೆದದ್ದು. ಈತನಿಗೆ ಊದಲು ಬರುತ್ತದೆ. ಒಳ್ಳೆ ಉಸಿರಿದೆ. ಸ್ವರದ ಮೇಲೆ ಪ್ರಾಣ ಇಟ್ಟುಕೊಂಡಿದ್ದಾನೆ. ಈತ ಯಾಕೆ ಆಗಬಾರದು? ಕೇಳಿಯೇಬಿಟ್ಟ.

"ನಾನು ನಿಮ್ ಕ್ಲಬ್ಬಲ್ಲಿ ಊತ್ತೀನಿ ಬುದ್ಧಿ. ನೀವು ನಮ್ಮಪ್ಪನ್ ಮುಂದ ಊತ್ತೀರಾ?"

ಸೋಮಶೇಖರ್ ಒಂದು ಗಳಿಗೆಯೂ ತಡಮಾಡಲಿಲ್ಲ. ಮಾದೇಶನ ಎರಡೂ ಕೈ ಹಿಡಿದುಕೊಂಡ. "ಅದು ನನಗೆ ಸಿಗೋ ಗೌರವ ಮಾದೇಶ. ಖಂಡಿತ ಊದ್ತೀನಿ." ಅವನ ಕಣ್ಣಲ್ಲಿ ನೀರು ಬಂದಿತ್ತು. ಸುಳ್ಳು ಹೇಳುವವರ ಕಣ್ಣಲ್ಲಿ ನೀರು ಬರುವುದಿಲ್ಲ ಎಂದು ಮಾದೇಶ ನಂಬಿದ್ದ. ಆ ಗಳಿಗೆಯ ಮಟ್ಟಿಗೆ ಅದು ಸುಳ್ಳಾಗಿರಲೂ ಇಲ್ಲ.

"ಇಬೂತಿ ಇಟ್ಕಂಡ ಮನೆಯೋರು, ನಮ್ ಬೀದಿಗ್ ಬಂದು ನನ್ ಚಟ್ಟದ್ ಮುಂದ ನಡದಾರೇನ್ಲಾ?" ಸುದ್ದಿ ಕೇಳಿ ನಂಜಯ್ಯ ನಕ್ಕ, ನಕ್ಕು ಕೆಮ್ಮಿದ.

"ಕೈ ಇಡ್ದವ್ರ ಕಣಪ್ಪ."

"ಕೈ ಇಡ್ದ. ನೀರ್ ಕುಡ್ದನಾ?" ಇದು ಒಲೆಯ ಮುಂದಿನಿಂದ ಮಾಯಮ್ಮನ ಮಾತು.

"ಪಟ್ಟಣದೋರು, ಕಾಯಿಸ್ದೆ ನೀರ್ ಕುಡಿಯಲ್ಲ, ನಿಂಗೇನ್ ಗೊತ್ತು" ಎಂದು ಮಾದೇಶ ರೇಗಿದ. ಆದರೂ ಅಂದಿನಿಂದ ನಂಜಯ್ಯ ಗೋಡೆಯ ಕಡೆ ತಿರುಗಿ ಮಲಗುವುದನ್ನು ಬಿಟ್ಟ. ಹಾಳೆ ಬಂದ ಮೇಲಂತೂ ಬಂದವರಿಗೆಲ್ಲ ಅದನ್ನು ತೋರಿಸಿ, "ಇದನ್ನ ಮಾಡ್ಸ್ದೋನೇ ನಂಗ ಊದದು" ಎನ್ನುತ್ತಿದ್ದ. ನಂಬಿದ್ದನೋ, ನಂಬಲು ಹೊರಟಿದ್ದನೋ. ಸಾಯುವವನು ಹಿಡಿದುಕೊಳ್ಳಲು ಏನೋ ಒಂದು ಬೇಕಲ್ಲ.

ಕಟ್ಟುಪಾಡು ಮುರಿಯುವವನೂ ಒಳಗೊಳಗೇ ಒಂದು ಲೆಕ್ಕಾಚಾರ ಇಟ್ಟುಕೊಂಡಿರುತ್ತಾನೆ. ಕ್ಲಬ್ಬಿನಲ್ಲಿ ಊರೊಳಗಿನದನ್ನು ಮಾತ್ರ ಊದುವುದು, ಊರಾಚೆಯದನ್ನು ತುಟಿಗೆ ತರುವುದೇ ಇಲ್ಲ ಎಂದು ಮಾದೇಶ ನಿಶ್ಚಯಿಸಿದ. ಅರ್ಧ ಊದಿದರೆ ಅದು ಕಳಿಸುವ ಸ್ವರವೇ ಅಲ್ಲವಲ್ಲ, ದೋಷ ತಟ್ಟುವುದಿಲ್ಲ. ಸೋಮಶೇಖರನಿಗೂ ಇದು ಒಪ್ಪಿತವಾಯಿತು. ಎರಡನೆಯ ಭಾಗ ಬಲು ನಿಧಾನ, ಕ್ಲಬ್ಬಿನಲ್ಲಿ ಅಷ್ಟು ಹೊತ್ತು ಜನ ಕೂರುವುದಿಲ್ಲ ಎಂದ. "ಅಪ್ಪನಿಗೆ ಊದುವಾಗ?" ಎಂದು ಅವನೇ ಕೇಳಿದ. "ಆವತ್ತು ನಿಮ್ ಪಕ್ಕದಲ್ಲೇ ನಡೀತೀನಿ ಬುದ್ಧಿ, ಕಿವೀಲಿ ಗುನುಗ್ತೀನಿ. ಅದ್ನ ಅಂಗೇ ಕಲೀಬೇಕು" ಎಂದ ಮಾದೇಶ. ಬುದ್ಧಿವಂತಿಕೆಯ ಏರ್ಪಾಟು ಮಾಡಿದೆನೆಂದು ಅವನಿಗೆ ತನ್ನ ಮೇಲೆ ಮೆಚ್ಚುಗೆಯೂ ಆಯಿತು.

ಮೊದಲನೆಯ ಶನಿವಾರಕ್ಕೆ ಅವನು ಚಾಮರಾಜನಗರದ ಮೇಲೆ ಬೆಂಗಳೂರಿಗೆ ಹೋದ. ಕಾಡುಗಳ್ಳನ ಹುಡುಕಾಟಕ್ಕಾಗಿ ಕಾಡಿನ ಕಡೆಯ ಕಾವಲು ಬಿಗಿಯಾಗಿದ್ದ ವರ್ಷಗಳು ಅವು. ಗಡಿಯ ಚೆಕ್‌ಪೋಸ್ಟಿನಲ್ಲಿ ಬಸ್ಸಿನಿಂದ ಇಳಿಸಿ, ಪೆಟ್ಟಿಗೆ ಬಿಚ್ಚಿಸಿ, ಕೊಳವೆಯಂಥ ಕಪ್ಪು ವಸ್ತುವನ್ನು ಕಂಡು ಪೊಲೀಸರು ಊದಿ ತೋರಿಸು ಎಂದರು. ಮದುವೆಯ ಧಾರೆಯ ಹೊತ್ತಿನ ಸ್ವರ ಊದಿದ. ಬಸ್ಸಿನವರು ನಕ್ಕರು, ಪೊಲೀಸರೂ ನಕ್ಕರು.

ಕ್ಲಬ್ಬು ಅವನು ಎಣಿಸಿದ್ದಕ್ಕಿಂತ ಸಣ್ಣದು, ತಗ್ಗು ಮಾಡು, ಮಂಕು ದೀಪ, ಮೇಜು ಮೇಜಿಗೂ ಗ್ಲಾಸು. ಡ್ರಮ್ಮಿನವನು, ದೊಡ್ಡ ಪಿಟೀಲಿನಂಥದ್ದನ್ನು ನಿಂತು ಮೀಟುವವನು, ಪಿಯಾನೋದ ಹುಡುಗಿ, ಎಲ್ಲರೂ ಅವನನ್ನು ಮರ್ಯಾದೆಯಿಂದ ಕಂಡರು. ಸಂಜೆ ಜನ ತುಂಬಿದ ಮೇಲೆ ಅವನನ್ನು ದೀಪದ ಕೆಳಗೆ ನಿಲ್ಲಿಸಿದರು. ಮಾದೇಶ ಕ್ಲಾರ್ನೆಟ್ಟನ್ನು ತುಟಿಗಿಟ್ಟು ಊರೊಳಗಿನದನ್ನು ಎತ್ತಿದ.

ಊದುವಾಗ ಯಾವಾಗಲೂ ಅವನ ಬೆನ್ನ ಹಿಂದೆ ಚಟ್ಟದ ಬಿದಿರು ಕಿರುಗುಟ್ಟುತ್ತಿತ್ತು, ಹೊತ್ತವರ ಏದುಸಿರು ಕೇಳುತ್ತಿತ್ತು. ಈಗ ಹಿಂದೆ ಏನೂ ಇಲ್ಲ. ಎದುರಿಗೆ ಮನುಷ್ಯರು, ತಿನ್ನುತ್ತಿದ್ದಾರೆ, ಕುಡಿಯುತ್ತಿದ್ದಾರೆ, ಒಬ್ಬಳು ಕಣ್ಣು ಮುಚ್ಚಿಕೊಂಡಿದ್ದಾಳೆ. ನಡೆಯದೆ ಒಂದೇ ಕಡೆ ನಿಂತು ಆ ಸ್ವರವನ್ನು ಅವನು ಎಂದೂ ಊದಿರಲಿಲ್ಲ. ಆಗ ಪಕ್ಕದಿಂದ ಟ್ರಂಪೆಟ್ ಎದ್ದಿತು. ಸೋಮಶೇಖರ್ ತಾತನ ದಿನ ಕೇಳಿದ್ದನ್ನೇ ಹಿಡಿದು ಒಂದೆಳೆಯೂ ತಪ್ಪದೆ, ಎಲ್ಲಿ ಅಳಬೇಕೋ ಅಲ್ಲಿ ಅಳುತ್ತಾ, ಎಲ್ಲಿ ತಡೆಯಬೇಕೋ ಅಲ್ಲಿ ತಡೆಯುತ್ತಾ ಬಂದ. ಮಾದೇಶನ ಮೈ ಜುಮ್ಮೆಂದಿತು. ಅಪ್ಪನಿಗೆ ಊದುವವನು ಸಿಕ್ಕ ಎನ್ನುವ ಸಂತೋಷ ಅದು, ಬೇರೆ ಏನೂ ಅಲ್ಲ.

ಮುಗಿದ ಕೂಡಲೇ ಚಪ್ಪಾಳೆ ಬಿತ್ತು. ಯಾರೋ ಶಿಳ್ಳೆ ಹಾಕಿದರು. ಆ ಸ್ವರಕ್ಕೆ ಚಪ್ಪಾಳೆ ಬಿದ್ದದ್ದು ಅವನ ವಂಶದಲ್ಲೇ ಮೊದಲು. ಮಾದೇಶ ತಲೆ ತಗ್ಗಿಸಿ ನಿಂತ. ವಿನಯ ಎಂದುಕೊಂಡು ಜನ ಇನ್ನಷ್ಟು ತಟ್ಟಿದರು. ಮೂಲೆಯಲ್ಲಿ ಒಬ್ಬ ಇದನ್ನೆಲ್ಲ ಟೇಪಿಗೆ ಹಿಡಿಯುತ್ತಿದ್ದ.

ಕೊನೆಯ ಶನಿವಾರಕ್ಕೆ ಎರಡು ದಿನವಿದೆ ಎನ್ನುವಾಗ ನಂಜಯ್ಯ ಹೋದ. ಬೆಳಿಗ್ಗೆ ರಾಗಿ ಅಂಬಲಿ ಎರಡು ಗುಟುಕು ಕುಡಿದು, "ಇವತ್ತ್ ಅವ್ನ್ಗ ಯೋಳ್ ಕಳ್ಸು" ಎಂದ. ಯಾರಿಗೆ ಎಂದು ಮಾದೇಶ ಕೇಳಲಿಲ್ಲ. ಹೊತ್ತೇರುವ ಮೊದಲೇ ಉಸಿರು ನಿಂತಿತ್ತು.

ಮಾದೇಶ ತಾಳವಾಡಿಗೆ ಸೈಕಲ್ ತುಳಿದು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ. ಸೋಮಶೇಖರ್ ಆ ಕಡೆಯಿಂದ ನಿಟ್ಟುಸಿರು ಬಿಟ್ಟು, "ಈಗಲೇ ಹೊರಟೆ, ಮಧ್ಯಾಹ್ನದ ಹೊತ್ತಿಗೆ ಅಲ್ಲಿರ್ತೀನಿ, ಎತ್ತಬೇಡಿ" ಎಂದ. ಮಾದೇಶ ಬೂತಿನ ಗಾಜಿಗೆ ಹಣೆಯಿಟ್ಟು ಅತ್ತ. ಸಾವಿಗೆ ಎಷ್ಟು ಅತ್ತನೋ ಆ ಮಾತಿಗೂ ಅಷ್ಟೇ ಅತ್ತ.

ನಂಟರು ಬಂದರು, ಮುರುಗೇಶ ಬಂದ, ಡೋಲಿನ ಚಿಕ್ಕಸಿದ್ದ ಬಂದ. ಚಟ್ಟ ಕಟ್ಟಾಯಿತು, ಮೀಯಿಸಿದ್ದಾಯಿತು, ಹುಣಸೆಮರದಾಚೆ ಗುಣಿ ತೋಡಿದವರು ಕೈಕಾಲು ತೊಳೆದುಕೊಂಡು ಬಂದು ಕೂತರು. ಮಧ್ಯಾಹ್ನವಾಯಿತು, ಇಳಿಹೊತ್ತಾಯಿತು. ಕಾರು ಬರಲಿಲ್ಲ. ಗೆಟ್ಟವಾಡಿಯಿಂದ ಸೊಪ್ಪು ಹೇರಿಕೊಂಡು ಬಂದ ಗಾಡಿಯವನೊಬ್ಬ, "ನಿಮ್ ಬೆಂಗ್ಳೂರ್ ಕಾರಾ? ದೊಡ್ಮನ ಮುಂದ ನಿಂತದಲ್ಲ, ಆಗ್ಲೇ ಬಂತು" ಎಂದ.

ಮಾದೇಶ ಯಾರದೋ ಮೊಪೆಡ್ಡಿನ ಹಿಂದೆ ಕೂತು ಗೆಟ್ಟವಾಡಿಗೆ ಹೋದ. ಜಡೇಸ್ವಾಮಿಯವರ ಮನೆಯ ಜಗಲಿಯ ಮೇಲೆ ಸೋಮಶೇಖರನ ಚಿಕ್ಕಪ್ಪ ರುದ್ರಸ್ವಾಮಿ ಕಾಲು ಇಳಿಬಿಟ್ಟು ಕೂತಿದ್ದರು. ಒಳಗೆ ಹೆಂಗಸೊಬ್ಬರು ಅಳುತ್ತಾ ಬೈಯುವ ಸದ್ದು ಕೇಳುತ್ತಿತ್ತು, ಸೋಮಶೇಖರನ ತಾಯಿ ಮಂಗಳಗೌರಿ. ಮಾದೇಶ ಅಂಗಳದ ಆಚೆಯೇ ನಿಂತ.

"ಏನ್ಲಾ ಮಾದೇಸ, ನಿಮ್ಮಪ್ಪ ಓದ್ನಂತ. ಒಳ್ಳೇ ಮನುಸ."

"ಊ ಬುದ್ಧಿ. ಚಿಕ್ಕಬುದ್ಧಿಯೋರು ಊದಕ ಬತ್ತೀನಿ ಅಂದಿದ್ರು. ಎತ್ತದ್ಕ ಒತ್ತಾಯ್ತದ."

ರುದ್ರಸ್ವಾಮಿ ದನಿ ಏರಿಸಲಿಲ್ಲ. ಏರಿಸುವ ಅಗತ್ಯ ಅವರಿಗೆ ಬದುಕಿನಲ್ಲಿ ಬಂದೇ ಇರಲಿಲ್ಲ. "ನಮ್ ಮುಂದ ನೀವು ಊದ್ಕಂಡ್ ನಡದ್ರಿ, ನಿಮ್ಮಪ್ಪ ನಡ್ದ, ಅವ್ರಪ್ಪ ನಡ್ದ. ನಿಮ್ ಮುಂದ ನಾವು ನಡಿಯದಾ? ಇದ್ಯಾವ್ ಸೀಮ ನ್ಯಾಯ್ವಲಾ? ಅವ್ನ್ಗ ಬುದ್ಧಿ ಇಲ್ಲ, ಬೆಂಗ್ಳೂರ್ ನೀರ್ ಕುಡ್ದವ್ನ. ನಿಂಗಾರೂ ಇರಬ್ಯಾಡ್ವಾ?"

ಆಗ ಸೋಮಶೇಖರ್ ಹೊರಗೆ ಬಂದ. ಕೈಯಲ್ಲಿ ಟ್ರಂಪೆಟ್ ಇರಲಿಲ್ಲ. ಮಾದೇಶನನ್ನು ಕಾರಿನ ಹಿಂದಕ್ಕೆ ಕರೆದುಕೊಂಡು ಹೋಗಿ ಮಾತಾಡಿದ. ಕಣ್ಣು ಕೆಂಪಾಗಿದ್ದವು.

"ಅಮ್ಮ ನೀರು ಮುಟ್ಟಲ್ಲ ಅಂತ ಕೂತಿದ್ದಾಳೆ ಮಾದೇಶ. ನಾನೀಗ ಬಂದರೆ ಈ ಮನೆ ನನ್ನ ಪಾಲಿಗಿಲ್ಲ. ಅರ್ಥ ಮಾಡ್ಕೋ. ಬೆಂಗಳೂರಾಗಿದ್ದರೆ ನಾನು..." ಕಾರಿನ ಹಿಂದಿನ ಸೀಟಿನಿಂದ ಒಂದು ಟೇಪ್ ರೆಕಾರ್ಡರ್ ತೆಗೆದು ಮಾದೇಶನ ಕೈಗಿಟ್ಟ. "ಮೊದಲನೇ ಶನಿವಾರದ ಕ್ಯಾಸೆಟ್ಟಿದೆ ಇದರಲ್ಲಿ. ಸೆಲ್ಲು ಹೊಸದು. ನಾನು ಬಾರಿಸಿದ್ದೂ ಇದೆಯಲ್ಲ, ನಾನೇ ಬಂದ ಹಾಗೆ ಅಂದ್ಕೋ."

ಮಾದೇಶನಿಗೆ ಆ ಪೆಟ್ಟಿಗೆಯನ್ನು ಅವನ ಕಾಲ ಬಳಿ ಎತ್ತಿಹಾಕಬೇಕು ಎನಿಸಿತು. ಆದರೆ ಹೊತ್ತು ಇಳಿಯುತ್ತಿತ್ತು, ಮೂಕಹೆಣ ಎನ್ನುವ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಮರದ ತನಕವಾದರೂ ಆಗುತ್ತದೆ, ಆಮೇಲಿನದು ಆಮೇಲೆ ನೋಡೋಣ ಎಂದುಕೊಂಡು ಅದನ್ನು ಎದೆಗವುಚಿಕೊಂಡು ಮೊಪೆಡ್ ಹತ್ತಿದ. ಸಿಟ್ಟು, ನಾಚಿಕೆ ಎರಡೂ ಇದ್ದವು. ಯಾವುದು ಯಾರ ಮೇಲೆ ಎಂದು ಬಿಡಿಸಿ ನೋಡುವಷ್ಟು ಪುರುಸೊತ್ತಿರಲಿಲ್ಲ.

ಚಿಕ್ಕಸಿದ್ದ ಡೋಲನ್ನು ಮುರುಗೇಶನ ಎಡಗೈಗೆ ಕೊಟ್ಟು ಟೇಪ್ ರೆಕಾರ್ಡರನ್ನು ಹೆಗಲ ಮೇಲಿಟ್ಟುಕೊಂಡ. ಗುಂಡಿ ಒತ್ತಿದ. ಮಾದೇಶನದೇ ಉಸಿರು ಆ ಪೆಟ್ಟಿಗೆಯೊಳಗಿಂದ ಎದ್ದು ಬಂತು. ಬೀದಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆದರೂ ಹೊರುವವರು ಎದ್ದರು. ಸ್ವರ ಎದ್ದಿತ್ತಲ್ಲ. ಮಾದೇಶ ಪಕ್ಕದಲ್ಲಿ ನಡೆದ. ಕ್ಲಾರ್ನೆಟ್ಟಿನ ಪೆಟ್ಟಿಗೆ ಅವನ ಹೆಗಲಲ್ಲೇ ಇತ್ತು. ಅದಿಲ್ಲದೆ ಹೆಣದ ಮುಂದೆ ನಡೆದು ಅವನಿಗೆ ಗೊತ್ತೇ ಇರಲಿಲ್ಲ, ಕೈ ತಾನಾಗಿ ಎತ್ತಿಕೊಂಡು ಬಂದಿತ್ತು. ಟ್ರಂಪೆಟ್ ಸೇರಿಕೊಂಡಾಗ ಹೆಂಗಸರ ಅಳು ಜೋರಾಯಿತು. ಇದೇನೂ ಅಷ್ಟು ಕೆಟ್ಟದಾಗಿಲ್ಲ, ಅಪ್ಪನಿಗೆ ಕೇಳಿಸುತ್ತಿರಬೇಕು ಎಂದು ಅವನು ತನಗೆ ತಾನೇ ಹೇಳಿಕೊಂಡ.

ಹುಣಸೆಮರದ ನೆರಳಿಗೆ ಬರುವಾಗ ಸ್ವರ ಮುಗಿಯಿತು. ಕೂಡಲೇ ಚಪ್ಪಾಳೆ ಬಿತ್ತು.

ಚಿಕ್ಕಸಿದ್ದನ ಹೆಗಲ ಮೇಲಿಂದ ನೂರಾರು ಕೈಗಳು ಒಟ್ಟಿಗೆ ಚಪ್ಪಾಳೆ ತಟ್ಟಿದವು. ಯಾರೋ ಶಿಳ್ಳೆ ಹಾಕಿದರು. ಗ್ಲಾಸು ಗ್ಲಾಸಿಗೆ ತಗುಲಿತು. ಒಬ್ಬ ಗಂಡಸು "ಒನ್ಸ್ ಮೋರ್!" ಎಂದು ಕೂಗಿ ನಕ್ಕ. ಹೆಂಗಸರು ಅಳು ನಿಲ್ಲಿಸಿ ಬಾಯಿ ತೆರೆದುಕೊಂಡು ನಿಂತರು. ನಂಜಯ್ಯನ ಮುಖದ ಮೇಲಿನ ನೊಣ ಓಡಿಸುತ್ತಿದ್ದ ಮುದುಕಿ, "ಯಾರ್ಲಾ ಅದು ನಗದು? ಸಾವಲ್ಲಿ ಯಾರ್ಲಾ ನಗೋರು?" ಎಂದು ಕಿರುಚಿದಳು. ಚಪ್ಪಾಳೆಯ ಹಿಂದೆಯೇ ಡ್ರಮ್ಮು ಶುರುವಾಯಿತು, ಕುಣಿಯುವ ಲಯ. ಚಿಕ್ಕಸಿದ್ದ ಗಾಬರಿಯಲ್ಲಿ ಯಾವ್ಯಾವುದೋ ಗುಂಡಿ ಒತ್ತಿದ, ಕೊನೆಗೆ ಸೆಲ್ಲುಗಳನ್ನೇ ಕಿತ್ತು ಬಿಸಾಡಿದ.

ಚಟ್ಟ ಮರದ ಕೆಳಗೆ ಇಳಿಯಿತು. ತಲೆ ಕಾಲು ಅದಲು ಬದಲಾಯಿತು. ಹೊರುವವರು ಕೈಕಟ್ಟಿ ನಿಂತರು. ಅವರನ್ನು ಯಾರೂ ಏಳಿ ಎನ್ನುವಂತಿರಲಿಲ್ಲ. ಸ್ವರ ಏಳಬೇಕಿತ್ತು, ಅದು ಯಾವ ಪೆಟ್ಟಿಗೆಯಲ್ಲೂ ಇರಲಿಲ್ಲ. ಯಾರಿಗೂ ಕೊಡದೆ, ಕ್ಲಬ್ಬಿಗೂ ಕೊಡದೆ, ಮಾದೇಶ ಜೋಪಾನ ಮಾಡಿಟ್ಟ ಅರ್ಧ ಅದು. ಎಡಗೈಯಲ್ಲಿ ಡೋಲು ಹಿಡಿದಿದ್ದ ಮುರುಗೇಶ ತಲೆ ಎತ್ತಲಿಲ್ಲ. ಬೆಟ್ಟದ ಹಿಂದೆ ಹೊತ್ತು ಮುಳುಗಲು ಇನ್ನು ಸ್ವಲ್ಪವೇ ಬಾಕಿ.

ಮಾದೇಶ ಹೆಗಲಿಂದ ಪೆಟ್ಟಿಗೆ ಇಳಿಸಿದ. ಮಾಯಮ್ಮ ಅದರ ಪಟ್ಟಿ ಹಿಡಿದುಕೊಂಡಳು.

"ಬ್ಯಾಡ. ನಿನ್ ಕಾಲ್ ಇಡ್ಕತೀನಿ, ಬ್ಯಾಡ. ನಾಳ ಉಣ್ಣದೇನು? ಈ ಕಾಲದಲ್ಲಿ ಯಾರು ಕೇಳರು, ಸುಮ್ನ ಎತ್ಕಂಡ್ ಓಗನ."

"ಅಪ್ಪ ಕೇಳಿದ್ನಲ್ಲ ಮಾಯಿ, ದಿನಾಲೂ" ಎಂದ ಮಾದೇಶ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಊರಾಚೆಯದನ್ನು ಅವನು ಎತ್ತಿದಾಗ ಹೊರುವವರು ಎದ್ದರು. ಹೆಂಗಸರು ಮರದ ಕೆಳಗೇ ಉಳಿದರು. ಬೆನ್ನ ಹಿಂದೆ ಬಿದಿರು ಕಿರುಗುಟ್ಟಿತು, ಹೊತ್ತವರ ಏದುಸಿರು ಕೇಳಿತು, ಹಿಂದೆ ಮಲಗಿದ್ದವನು ಅಪ್ಪ. ಚಿಕ್ಕವನಿದ್ದಾಗ ಈ ದಾರಿಯಲ್ಲೇ ಅಪ್ಪ ಊದುತ್ತಾ, ಅವನ ಹೆಜ್ಜೆ ತಪ್ಪಿದಾಗ ಮೊಣಕೈಯಿಂದ ತಿವಿಯುತ್ತಿದ್ದ. ಎಲ್ಲಿ ಉಸಿರು ಕಟ್ಟಬೇಕು, ಎಲ್ಲಿ ಬಿಡಬೇಕು ಎಂದು ಆ ತಿವಿತದಲ್ಲೇ ಕಲಿಸಿದ್ದ. ಮಾದೇಶನಿಗೆ ಪಕ್ಕೆಯಲ್ಲಿ ಈಗಲೂ ಆ ಮೊಣಕೈ ತಾಗಿದಂತಾಯಿತು. ಅಳು ಬಂದರೆ ಸ್ವರ ನಿಲ್ಲುತ್ತದೆ, ಸ್ವರ ನಿಂತರೆ ಚಟ್ಟ ನಿಲ್ಲುತ್ತದೆ. ಅಳಲಿಲ್ಲ. ಗುಣಿಯ ಅಂಚಿನವರೆಗೂ ಒಂದೇ ಸಮ ಊದಿದ.

ಮಣ್ಣು ಹಾಕುವ ಮೊದಲು ಕ್ಲಾರ್ನೆಟ್ಟನ್ನು ಪಂಚೆಯ ತುದಿಯಲ್ಲಿ ಒರೆಸಿ, ಅಪ್ಪನ ಬಲಗೈಯ ಪಕ್ಕಕ್ಕಿಟ್ಟ. ಮೊದಲ ಹಿಡಿ ಮಣ್ಣು ಅದರ ಮೇಲೆ ಬಿದ್ದಾಗ ಲೋಹದ ಸದ್ದಾಯಿತು, ಆಮೇಲೆ ಬರೀ ಮಣ್ಣಿನ ಸದ್ದು.

ಹಿಂದಿರುಗಿ ಬರುವಾಗ ರಸ್ತೆಯ ಆಚೆ ಕಾರು ನಿಂತಿತ್ತು. ಸೋಮಶೇಖರ್ ಕಾರಿನಿಂದ ಇಳಿದು, ರಸ್ತೆ ದಾಟದೆ, ಅಲ್ಲಿಂದಲೇ ಎಲ್ಲವನ್ನೂ ಕೇಳಿದ್ದ. ಕೆನ್ನೆ ಒದ್ದೆಯಾಗಿತ್ತು. ಮಾದೇಶ ಟೇಪ್ ರೆಕಾರ್ಡರನ್ನು ಹಿಂದಿರುಗಿಸಲು ಹೋದಾಗ ಅವನು ಮಾದೇಶನ ತೋಳು ಹಿಡಿದುಕೊಂಡ.

"ಮರದಾಚೆ ನೀನು ಊದಿದೆಯಲ್ಲ ಮಾದೇಶ, ಅಂಥದ್ದನ್ನ ನಾನು ಜನ್ಮದಲ್ಲಿ ಕೇಳಿಲ್ಲ. ತಾತನ ದಿನ ಅಳುವಿನಲ್ಲಿ ನನಗೆ ಸರಿಯಾಗಿ ಕೇಳಿಸಿಯೇ ಇರಲಿಲ್ಲ. ಶನಿವಾರ ಪೂರ್ತಿ ಮಾಡೋಣ. ಎಷ್ಟು ಹೊತ್ತಾದರೂ ಜನ ಕೂರ್ತಾರೆ, ನಾನು ಕೂರಿಸ್ತೀನಿ. ಅದನ್ನ ನನಗೆ ಕಲಿಸು."

ಮಾದೇಶ ಹೆಗಲ ಪೆಟ್ಟಿಗೆಯ ಮುಚ್ಚಳ ತೆರೆದು ತೋರಿಸಿದ. ಒಳಗೆ ವಾದ್ಯ ಮಲಗಿದ್ದ ತಗ್ಗು, ಹಳೆಯ ಮಖಮಲ್ಲು, ಅಷ್ಟೇ. ಸೋಮಶೇಖರನಿಗೆ ತಡವಾಗಿ ಅರ್ಥವಾಯಿತು.

"ಹೊಸದು ಕೊಡಿಸ್ತೀನಿ. ನಾಳೆಯೇ ಕೊಡಿಸ್ತೀನಿ ಮಾದೇಶ."

"ಬ್ಯಾಡಿ ಬುದ್ಧಿ. ಇನ್ನ ನನ್ ಬಾಯಿಗ ಅದು ಬರಕೂಡ್ದು." ಪೆಟ್ಟಿಗೆ ಮುಚ್ಚಿದ. "ಶನಿವಾರ ನೀವೇ ಬಾರ್ಸಿ. ಮರದಗಂಟ ನಿಮ್ಗ ಬತ್ತದಲ್ಲ."

ಶನಿವಾರ ಸಂಜೆ ಅವನು ಅಪ್ಪನ ಚಾಪೆ ಇದ್ದ ಜಾಗದಲ್ಲಿ ಕೂತಿದ್ದ. ಎದುರಿನ ಗೋಡೆಯ ಮೇಲೆ ಕೆಂಪು ಹಾಳೆ ಹಾಗೇ ಇತ್ತು, ಇವತ್ತಿನ ದಿನದ ಎದುರಿಗೆ ಅವನ ಹೆಸರು. ಈ ಹೊತ್ತಿಗೆ ಬೆಂಗಳೂರಿನಲ್ಲಿ ದೀಪ ಮಂಕು ಮಾಡಿರುತ್ತಾರೆ. ಊರೊಳಗಿನದು ಎದ್ದಿರುತ್ತದೆ. ಮರದ ಹತ್ತಿರ ಬಂದ ಕೂಡಲೇ ಚಪ್ಪಾಳೆ ಬೀಳುತ್ತದೆ. ಮುಂದಿನ ದಾರಿ ಅಲ್ಲಿ ಯಾರಿಗೂ ಬೇಕಾಗುವುದಿಲ್ಲ.

ಪಣಕಹಳ್ಳಿಯಿರಲಿ, ಗೆಟ್ಟವಾಡಿಯಿರಲಿ, ಇನ್ನು ಈ ಸುತ್ತಿನಲ್ಲಿ ಯಾರು ಸತ್ತರೂ ಮೂಕಹೆಣವೇ. ಮಾಯಮ್ಮ ಒಲೆಯ ಮುಂದೆ ಕೂತು ಅವನನ್ನೇ ನೋಡುತ್ತಿದ್ದಳು. ಅವಳು ಏನು ಕೇಳಲಿದ್ದಾಳೆ ಎಂದು ಅವನಿಗೆ ಗೊತ್ತಿತ್ತು.

"ನಮ್ಗ ಯಾರು ಊದೋರು?"

ಮಾದೇಶ ಗೋಡೆಯ ಕಡೆ ತಿರುಗಿ ಮಲಗಿದ.